ಕಲಿಯದ ಕೆಲಸಕ್ಕೆ ಕರೆ ಬಂದಾಗ

ಪರಊರಿನಲ್ಲಿ ದುಡಿಯುವವನಿಗೆ ನೌಕರಿ ಸಿಗದಿರುವುದು ಒಂದು ಸಂಕಟವಾದರೆ, ಸಿಕ್ಕಿದ ನೌಕರಿಯು ತಾನು ಕಲಿತುದಲ್ಲವೆಂಬುದು ಇನ್ನೊಂದು ಬಗೆಯ ಸಂಕಟ. ಮೊದಲನೆಯದರ ಕುರಿತು ಬರೆದವರಿಗೂ ಭಾಷಣ ಮಾಡಿದವರಿಗೂ ಕೊರತೆಯಿಲ್ಲ. ಎರಡನೆಯದಾದರೋ ರಾತ್ರಿ ಹೋಟೆಲು ಮುಚ್ಚಿದ ಮೇಲೆ, ಖೋಲಿಯಲ್ಲಿ ಚಾಪೆ ಹಾಸುವ ಹೊತ್ತಿಗೆ, ಇಬ್ಬರು ಗೆಳೆಯರ ನಡುವೆ ಮಾತಾಗಿ ಅಲ್ಲಿಗೇ ಮುಗಿಯುತ್ತದೆ. ಹನ್ನೆರಡು ವರ್ಷ ದೋಸೆ ಕಾವಲಿಯ ಮುಂದೆ ನಿಂತವನನ್ನು ಧನಿಗಳು ಕರೆದು, "ನಾಳೆಯಿಂದ ಗಲ್ಲೆಯಲ್ಲಿ ಕೂತುಕೋ ಮಾರಾಯ" ಎನ್ನುತ್ತಾರೆ. ಜಮಾಖರ್ಚು ಬರೆಯುವ ಕಾರಕೂನನಿಗೆ ಮಾಲು ಮಾರುವ ವಿಭಾಗದಲ್ಲಿ ಜಾಗ ಇದೆಯೆಂದು ಹೇಳಿ ಕಳುಹಿಸುತ್ತಾರೆ. ಸಪ್ಲೈಯರನಾಗಿದ್ದ ಹುಡುಗನಿಗೆ ಊರಿನ ಪರಿಚಯದವರೊಬ್ಬರು ಕೊಲ್ಲಿಯ ದೇಶದಲ್ಲಿ ಉಗ್ರಾಣ ನೋಡಿಕೊಳ್ಳುವ ಕೆಲಸವಿದೆಯೆಂದು ಆಸೆ ಹುಟ್ಟಿಸುತ್ತಾರೆ. ಮೂವರಿಗೂ ಪಗಾರ ಹೆಚ್ಚು. ಮೂವರಿಗೂ ಆ ಕೆಲಸದ ಓನಾಮ ತಿಳಿಯದು. ಉತ್ತರವನ್ನಂತೂ ನಾಳೆಯೇ ಹೇಳಬೇಕು.

ಇಂಥ ಕರೆ ಬಂದಾಗ ನಮ್ಮವರಲ್ಲಿ ಎರಡು ಬಗೆಯ ಉತ್ತರಗಳು ರೂಢಿಯಲ್ಲಿವೆ. "ನನಗೆ ಬಾರದ ಕೆಲಸ, ಬೇಡಪ್ಪ" ಎಂಬುದು ಒಂದು. "ಕೊಟ್ಟವರ ಮಾತು ಮೀರಬಾರದು, ಬಂದದ್ದನ್ನು ಬಿಡಬಾರದು" ಎಂಬುದು ಇನ್ನೊಂದು. ಇವೆರಡೂ ಯೋಚನೆ ಮಾಡುವ ತೊಂದರೆಯನ್ನು ತಪ್ಪಿಸಿಕೊಳ್ಳುವ ಉಪಾಯಗಳೆಂದು ನಮಗೆ ತೋರುತ್ತದೆ. ಕೆಲಸ ಬಾರದೆಂಬುದು ಅಷ್ಟು ದೊಡ್ಡ ಅಡ್ಡಿಯಲ್ಲ. ಊರಿನಿಂದ ಬಂದಿಳಿದ ದಿನ ನಮ್ಮಲ್ಲಿ ಯಾರಿಗೆ ಯಾವ ಕೆಲಸ ಬರುತ್ತಿತ್ತು? ವಿಚಾರಿಸಬೇಕಾದ ಮೊದಲ ಮಾತು ಬೇರೆಯೇ ಇದೆ: ಆ ಕೆಲಸವನ್ನು ಕಲಿತವರು ಪೇಟೆಯಲ್ಲಿ ಬೇಕಾದಷ್ಟು ಮಂದಿ ಇರುವಾಗ, ಕಲಿಯದ ನಮ್ಮನ್ನು ಅವರು ಕರೆಯುವುದೇಕೆ?

ಕಾರಣಗಳು ಹಲವು ಇರಬಹುದು. ನಮ್ಮ ಪ್ರಾಮಾಣಿಕತೆಯನ್ನು ಕಂಡು ಕರೆದಿರಬಹುದು. ಕಲಿತವನಿಗೆ ಕೊಡಬೇಕಾದ ಸಂಬಳದ ಅರ್ಧಕ್ಕೆ ನಾವು ಒಪ್ಪಿಯೇವೆಂದು ಕರೆದಿರಬಹುದು. ಕಲಿತವರಾರೂ ಆ ಜಾಗದಲ್ಲಿ ನಿಲ್ಲದೆ ಓಡಿಹೋದುದರಿಂದಲೂ ಕರೆದಿರಬಹುದು. ಮೊದಲನೆಯದು ಗೌರವ, ಎರಡನೆಯದು ವ್ಯಾಪಾರ, ಮೂರನೆಯದು ಅಪಾಯ. ಮೂರೂ ಒಂದೇ ನಗುಮುಖದಿಂದ ಬರುತ್ತವೆಯಾದುದರಿಂದ, ಕರೆದವರ ಮುಖವನ್ನು ನೋಡಿ ಇದನ್ನು ತಿಳಿಯಲಾಗದು. ಆ ಜಾಗದಲ್ಲಿ ಹಿಂದೆ ಇದ್ದವನು ಯಾರು, ಎಷ್ಟು ದಿನ ಇದ್ದ, ಏಕೆ ಬಿಟ್ಟ ಎಂಬುದನ್ನು ವಿಚಾರಿಸಿದರೆ ಅರ್ಧ ಉತ್ತರ ಸಿಕ್ಕಿತು. ಸಾಧ್ಯವಾದರೆ ಅವನನ್ನೇ ಹುಡುಕಿ ಒಂದು ಕಪ್ಪು ಚಹ ಕುಡಿಸುವುದು ಲೇಸು. ಎರಡು ವರ್ಷದಲ್ಲಿ ನಾಲ್ಕು ಮಂದಿ ಬಿಟ್ಟುಹೋದ ಕುರ್ಚಿಯ ಮೇಲೆ ಐದನೆಯವನಾಗಿ ಕೂರುವ ಮುನ್ನ ಆ ಚಹದ ಖರ್ಚು ಹೆಚ್ಚಲ್ಲ.

ಗಲ್ಲೆಯ ಮಾತನ್ನು ತುಸು ವಿಸ್ತಾರವಾಗಿ ನೋಡೋಣ. ನಮ್ಮ ಹೋಟೆಲು ಬಾಂಧವರಿಗೆ ಅತ್ಯಂತ ಸಹಜವಾಗಿ ಬರುವ ಕರೆ ಇದೇ. ಅಡಿಗೆಮನೆಯ ಕಾವಿನಿಂದ ಫ್ಯಾನಿನ ಕೆಳಗೆ ಬರುವುದು, ಎಣ್ಣೆ ಮೆತ್ತಿದ ಬನಿಯನಿನಿಂದ ಇಸ್ತ್ರಿ ಮಾಡಿದ ಅಂಗಿಗೆ ಏರುವುದು, ಊರಿಗೆ ಬರೆಯುವಾಗ "ಮ್ಯಾನೇಜರನಾಗಿದ್ದೇನೆ" ಎಂದು ಬರೆಯುವುದು, ಇವೆಲ್ಲ ಸಣ್ಣ ಸುಖಗಳಲ್ಲ. ಹೆಣ್ಣು ಕೊಡುವವರೂ ಇದನ್ನು ಕೇಳುತ್ತಾರೆ. ಆದರೆ ಕೈಗುಣವಿದ್ದ ಅಡಿಗೆಯವನಿಗೂ ಗಲ್ಲೆಯಲ್ಲಿ ಕೂರುವವನಿಗೂ ಪೇಟೆಯಲ್ಲಿರುವ ಬೆಲೆಯ ಬಗೆಯೇ ಬೇರೆ. ಒಳ್ಳೆಯ ಹಿಟ್ಟು ಹದಮಾಡಬಲ್ಲವನು ಮುಂಬಯಿಯಲ್ಲಿ ಕೆಲಸ ಬಿಟ್ಟರೆ ಪುಣೆಯಲ್ಲಿ, ಅಲ್ಲಿ ಬಿಟ್ಟರೆ ಹೈದರಾಬಾದಿನಲ್ಲಿ, ಮುಖಪರಿಚಯವಿಲ್ಲದ ಧನಿಯ ಬಳಿಯೂ ಎರಡು ಕಾವಲಿ ದೋಸೆ ಹುಯ್ದು ತೋರಿಸಿ ಕೆಲಸ ಗಿಟ್ಟಿಸಬಲ್ಲನು. ಅವನ ಯೋಗ್ಯತಾಪತ್ರ ಅವನ ಕೈಯಲ್ಲೇ ಇದೆ. ಗಲ್ಲೆಯವನ ಯೋಗ್ಯತೆ ಮಾತ್ರ ಒಬ್ಬ ಧನಿಯ ಮನಸ್ಸಿನಲ್ಲಿ ಇರುವಂಥದು. ಆ ಧನಿ ತೀರಿಕೊಂಡರೆ, ಅಥವಾ ಮಗನ ಕೈಗೆ ಹೋಟೆಲು ಹೋದರೆ, ಇಪ್ಪತ್ತು ವರ್ಷದ ನಂಬಿಕೆಯನ್ನು ಇನ್ನೊಬ್ಬರಿಗೆ ತೋರಿಸುವ ಬಗೆ ಹೇಗೆ?

ಹಾಗೆಂದು ಗಲ್ಲೆಯನ್ನು ನಿರಾಕರಿಸಬೇಕೆಂದು ನಾವು ಹೇಳುವವರಲ್ಲ. ಗಲ್ಲೆಯಲ್ಲಿ ಕೂತವನಿಗೆ ವ್ಯವಹಾರ ತಿಳಿಯುತ್ತದೆ. ತರಕಾರಿಯವನ ಬಾಕಿ ಎಷ್ಟು, ಹಾಲಿನವನ ಲೆಕ್ಕ ಹೇಗೆ, 2017ರಿಂದ ಬಂದ ಜಿಎಸ್‌ಟಿಯನ್ನು ಕಟ್ಟುವುದು ಎಂದು, ಆಹಾರ ಸುರಕ್ಷತೆಯ ಪರವಾನಗಿಯನ್ನು ನವೀಕರಿಸುವುದು ಹೇಗೆ, ಇವೆಲ್ಲ ಕಾವಲಿಯ ಮುಂದೆ ನಿಂತವನಿಗೆ ಎಂದೂ ಕಾಣದ ಲೋಕ. ಸ್ವಂತ ಹೋಟೆಲು ತೆರೆಯುವ ಮನಸ್ಸುಳ್ಳವನು ಆ ಲೋಕವನ್ನು ಕಾಣಲೇಬೇಕು. ಮದರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದ ಕಡಂದಲೆಯ ಕೃಷ್ಣರಾಯರು ಅಡಿಗೆಮನೆಯ ಕೆಳಗಿನ ಕೆಲಸದಿಂದಲೇ ಮೇಲಕ್ಕೆ ಬಂದವರೆಂಬುದನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಬರಿಯ ಒಗ್ಗರಣೆಯ ಬಲದಿಂದ ಅಷ್ಟು ದೊಡ್ಡ ಹೋಟೆಲು ಏಳುವುದಿಲ್ಲ. ಒಗ್ಗರಣೆಯ ಜತೆಗೆ ಲೆಕ್ಕವೂ ತಿಳಿದಿರಬೇಕು.

ಆದುದರಿಂದ ಗಲ್ಲೆಗೆ ಹೋಗುವವನು ಎರಡು ಮಾತುಗಳನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳತಕ್ಕದ್ದು. ಸಂಜೆ ಲೆಕ್ಕ ಕೂಡಿಸಿದಾಗ ಹಣ ಕಡಿಮೆ ಬಂದರೆ ಯಾರು ತುಂಬಬೇಕು? "ಅದೆಲ್ಲ ನೋಡಿಕೊಳ್ಳೋಣ" ಎಂಬ ಉತ್ತರ ಸಾಲದು. ವಹಿಸಿಕೊಟ್ಟ ಹಣ ನಷ್ಟವಾದರೆ, ಅದು ನೌಕರನ ತಪ್ಪು ಅಥವಾ ಅಲಕ್ಷ್ಯದಿಂದ ಆದುದಾದರೆ ಮಾತ್ರ, ಅದೂ ಅವನ ವಿವರಣೆಯನ್ನು ಕೇಳಿದ ಮೇಲೆಯೇ, ಸಂಬಳದಿಂದ ಕಳೆಯಬಹುದೆಂಬ ನಿಯಮ 1936ರ ವೇತನ ಪಾವತಿ ಕಾಯಿದೆಯಿಂದಲೂ ಇದೆ. 2019ರ ವೇತನ ಸಂಹಿತೆಯಲ್ಲಿಯೂ ಉಳಿದಿದೆ. ಕಾಯಿದೆ ಹಾಗಿದ್ದರೂ, ತಿಂಗಳ ಕೊನೆಗೆ ಮಾತಿಲ್ಲದೆ ಮುರಿದುಕೊಳ್ಳುವ ಗಲ್ಲೆಗಳಿವೆಯೆಂಬುದನ್ನು ನಮ್ಮ ಓದುಗರಿಗೆ ನಾವು ಹೇಳಬೇಕಾಗಿಲ್ಲ. ಎರಡನೆಯ ಮಾತು: ಗಲ್ಲೆ ಒಗ್ಗದಿದ್ದರೆ ಮರಳಿ ಕಾವಲಿಗೆ ಬರಲು ಅವಕಾಶವಿದೆಯೇ? ಇದನ್ನು ಕೇಳಲು ಅನೇಕರು ನಾಚುತ್ತಾರೆ. ನಾಚಬೇಕಾಗಿಲ್ಲ. "ಮೂರು ತಿಂಗಳು ನೋಡುತ್ತೇನೆ ಧನಿಗಳೇ, ನಿಮಗಾಗಲಿ ನನಗಾಗಲಿ ಸರಿಬಾರದಿದ್ದರೆ ಮೊದಲಿನ ಜಾಗಕ್ಕೇ ಹೋಗುತ್ತೇನೆ" ಎಂದು ಹೇಳಿದವನನ್ನು ಬುದ್ಧಿವಂತ ಧನಿ ಹೆಚ್ಚು ಮೆಚ್ಚುತ್ತಾನೆ. ಆ ಮೂರು ತಿಂಗಳು ಬೆಳಗ್ಗೆ ಒಂದು ತಾಸು ಹಿಟ್ಟಿನ ಕಡೆಗೂ ಕಣ್ಣು ಹಾಯಿಸುತ್ತಿದ್ದರೆ ಕೈಯೂ ಮರೆಯುವುದಿಲ್ಲ.

ಕಾರಕೂನರ ವಿಷಯಕ್ಕೆ ಬರೋಣ. ಕಲಿಯದ ಕೆಲಸದ ಕರೆ ಇಡೀ ಒಂದು ಪೀಳಿಗೆಗೆ ಒಟ್ಟಿಗೆ ಬಂದ ಸಂದರ್ಭವೊಂದು ಬ್ಯಾಂಕುಗಳ ಚರಿತ್ರೆಯಲ್ಲಿದೆ. ಬ್ಯಾಂಕುಗಳಲ್ಲಿ ಯಂತ್ರಗಳನ್ನು ತರುವ ಕುರಿತು 1983ರಲ್ಲಿ ನೌಕರರ ಸಂಘಗಳಿಗೂ ಬ್ಯಾಂಕುಗಳ ಒಕ್ಕೂಟಕ್ಕೂ ಒಪ್ಪಂದವಾಯಿತು. ರಂಗರಾಜನ್ ಸಮಿತಿಯ ವರದಿ 1984ರಲ್ಲಿ ಬಂತು. ಆಮೇಲೆ ಲೆಜ್ಜರು ಬರೆಯುವ ಯಂತ್ರಗಳು ಶಾಖೆಗಳಿಗೆ ಬಂದು ಕುಳಿತವು. ಯಂತ್ರ ನಡೆಸುವವರಿಗೆ ವಿಶೇಷ ಭತ್ಯೆಯೂ ಇತ್ತು. ಮುಂಬಯಿಯ ಬ್ಯಾಂಕುಗಳಲ್ಲಿ ಆಗ ದಕ್ಷಿಣ ಕನ್ನಡದಿಂದ ಬಂದ ಗುಮಾಸ್ತರು ತುಂಬಿದ್ದರು. ಮುತ್ತಿನಂಥ ಅಕ್ಷರದಿಂದ ಲೆಜ್ಜರು ಬರೆಯುತ್ತಿದ್ದ ಕೆಲವರು ಯಂತ್ರದ ಕಡೆಗೆ ತಲೆಯೆತ್ತಿಯೂ ನೋಡಲಿಲ್ಲ. ಕೆಲವರು ಭತ್ಯೆಗಾಗಿಯೇ ಎದ್ದು ಹೋದರು. ಯಂತ್ರದ ಮುಂದೆ ಕೂತವರಿಗೆ ಕೊನೆಗೆ ಉಪಯೋಗಕ್ಕೆ ಬಂದುದು ಬೆರಳಿನ ವೇಗಕ್ಕಿಂತ ಹೆಚ್ಚಾಗಿ ಹಳೆಯ ಲೆಜ್ಜರಿನ ಜ್ಞಾನವೇ. ಜಮೆ ಯಾವುದು ಖರ್ಚು ಯಾವುದೆಂದು ರಕ್ತದಲ್ಲಿ ಇಳಿದಿದ್ದವನಿಗೆ ಯಂತ್ರ ತಪ್ಪು ಮೊತ್ತ ತೋರಿಸಿದಾಗ ಒಡನೆ ತಿಳಿಯುತ್ತಿತ್ತು. ಮುಂದೆ ಶಾಖೆಗಳೆಲ್ಲ ಒಂದೇ ಜಾಲಕ್ಕೆ ಸೇರಿದಾಗ ಎದ್ದು ಹೋಗದವರೂ ಪರದೆಯ ಮುಂದೆಯೇ ಕೂರಬೇಕಾಯಿತು. ಅವರಿಗೆ ಆ ಹೊತ್ತಿಗೆ ವಯಸ್ಸಾಗಿತ್ತು. ಕಲಿಸುವವರು ತಮ್ಮ ಮಕ್ಕಳ ಪ್ರಾಯದವರಾಗಿದ್ದರು.

ಹೊಸ ಕೆಲಸದ ಹೆಸರು ಬೇರೆಯಾದರೂ ಅದರ ಹೊಟ್ಟೆಯೊಳಗೆ ನಾವು ಕಲಿತುದು ಎಷ್ಟು ಇದೆಯೆಂಬುದನ್ನು ನೋಡಬೇಕು. ಲೆಕ್ಕದವನಿಗೆ ಯಂತ್ರದ ಲೆಕ್ಕ ದೂರದ ನೆಂಟ; ಮಾಲು ಮಾರುವ ಕೆಲಸ ನೆಂಟನೇ ಅಲ್ಲ. ಹೋಟೆಲಿನ ಸಪ್ಲೈಯರನಿಗಾದರೋ ಮಾರುವ ಕೆಲಸ ಹತ್ತಿರದ್ದೇ ಆದೀತು. ಎಂಟು ಮೇಜುಗಳ ಆರ್ಡರನ್ನು ಬರೆಯದೆ ನೆನಪಿಟ್ಟು, ಸಿಟ್ಟಿನ ಗಿರಾಕಿಯನ್ನು ಮರಾಠಿಯಲ್ಲಿ, ಹಿಂದಿಯಲ್ಲಿ, ಗುಜರಾತಿಯಲ್ಲಿ ಸಮಾಧಾನ ಪಡಿಸಬಲ್ಲವನಿಗೆ ತಾನು ಏನನ್ನೂ ಕಲಿತಿಲ್ಲವೆಂಬ ಭಾವನೆಯಿರುತ್ತದೆ. ಬಿಕಾಂ ಓದಿದ ಅನೇಕರಿಗೆ ಇರದ ವಿದ್ಯೆ ಅದು. ಅಂಥ ವಿದ್ಯೆಗೆ ಕೂಡ ಪ್ರಮಾಣಪತ್ರ ಸಿಗುವ ಏರ್ಪಾಡೊಂದು ಇದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಶಾಲೆಗೆ ಹೋಗದೆ ಕೆಲಸದಲ್ಲಿಯೇ ಕಲಿತುದನ್ನು ಪರೀಕ್ಷಿಸಿ ಮಾನ್ಯಮಾಡುವ ವಿಭಾಗವನ್ನು ಸೇರಿಸಿದರು. ನಮ್ಮ ಹೋಟೆಲು ಹುಡುಗರು ಇದನ್ನು ಬಳಸಿಕೊಂಡುದು ಕಡಿಮೆಯೆಂದು ನಮ್ಮ ಎಣಿಕೆ.

ಮಾರುವ ಕೆಲಸದಲ್ಲಿ ಇನ್ನೊಂದು ಸೂಕ್ಷ್ಮವಿದೆ. 24,000 ರೂಪಾಯಿ ತರುವ ಗುಮಾಸ್ತನಿಗೆ "40,000 ಸಿಗುತ್ತದೆ" ಎಂದು ಹೇಳುತ್ತಾರೆ. ಕಾಗದವನ್ನು ತೆರೆದು ನೋಡಿದರೆ ಖಚಿತವಾದುದು 15,000. ಉಳಿದ 25,000 ಗುರಿ ಮುಟ್ಟಿದರೆ ಬರುವ ಕಮಿಶನ್. ಗುರಿಯ ಅರ್ಧ ಮುಟ್ಟಿದರೆ ಅರ್ಧ ಕಮಿಶನ್ ಸಿಗುತ್ತದೆಂದೂ ನಂಬುವಂತಿಲ್ಲ, ಎಷ್ಟೋ ಕಡೆ ಏನೂ ಸಿಗದು. ಓಡಾಟದ ಖರ್ಚು ಯಾರದೆಂಬುದನ್ನು ಕೇಳಿದಾಗ ಮಾತು ಬದಲಾಗುತ್ತದೆ. ಮನೆಗೆ ತಿಂಗಳು ತಿಂಗಳು ಹಣ ಕಳುಹಿಸಲೇಬೇಕಾದವನು ಆ 15,000ದಲ್ಲಿ ಖೋಲಿಯ ಬಾಡಿಗೆ ಮತ್ತು ಊರಿನ ಮನಿಯಾರ್ಡರು ಎರಡೂ ನಡೆಯುವುವೇ ಎಂದು ಕೂಡಿಸಿ ಕಳೆದು ನೋಡಬೇಕು. ನಡೆಯದಿದ್ದರೆ ಆ ಕೆಲಸ ಅವಿವಾಹಿತನಾದ ಇನ್ನೊಬ್ಬನಿಗೆ ಇರಲಿ.

ಬಿಟ್ಟು ಹೋಗುವ ಕೆಲಸದಲ್ಲಿ ಏನನ್ನು ಬಿಟ್ಟು ಹೋಗುತ್ತೇವೆಂಬ ಲೆಕ್ಕವನ್ನು ನಮ್ಮವರು ಮಾಡುವುದು ಇನ್ನೂ ಕಡಿಮೆ. 1972ರ ಉಪದಾನ ಕಾಯಿದೆಯಂತೆ, ಅಂದರೆ ನಾವು ಗ್ರಾಚ್ಯುಟಿ ಎನ್ನುವ ಹಣದ ಕಾಯಿದೆಯಂತೆ, ಹತ್ತು ಮಂದಿಗೆ ಕಡಿಮೆಯಿಲ್ಲದೆ ದುಡಿಯುವ ಸಂಸ್ಥೆಯಲ್ಲಿ ಐದು ವರ್ಷ ಸತತವಾಗಿ ದುಡಿದ ಕಾಯಂ ನೌಕರನಿಗೆ ವರ್ಷಕ್ಕೆ ಹದಿನೈದು ದಿನದ ವೇತನದಂತೆ ಹಣ ಬರಬೇಕು. ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸುವುದು ಕ್ರಮ. ಕೊನೆಯ ವೇತನ 26,000 ಆದರೆ ವರ್ಷಕ್ಕೆ 15,000. ಐದು ವರ್ಷಕ್ಕೆ 75,000. ನಾಲ್ಕು ವರ್ಷ ತುಂಬಿದವನು ತಿಂಗಳಿಗೆ ಎರಡು ಸಾವಿರ ಹೆಚ್ಚು ಸಿಗುತ್ತದೆಂದು ಹಾರಿಹೋದರೆ, ವರ್ಷದಲ್ಲಿ 24,000 ಗಳಿಸಿ 75,000ವನ್ನು ಕಳೆದುಕೊಂಡಂತಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಗೊತ್ತಾದ ಅವಧಿಗೆ ನೇಮಕಗೊಂಡವರಿಗೆ ಒಂದು ವರ್ಷದ ಸೇವೆಗೂ ಈ ಹಕ್ಕು ದೊರೆತಿದೆ; ತಾವು ಕಾಯಂ ಪೈಕಿಯೋ ಅವಧಿಯ ಪೈಕಿಯೋ ಎಂಬುದನ್ನು ನೇಮಕದ ಕಾಗದದಲ್ಲಿ ನೋಡಿಕೊಳ್ಳಬೇಕು. ಭವಿಷ್ಯನಿಧಿಯನ್ನು ಕೆಲಸ ಬಿಟ್ಟಾಗಲೆಲ್ಲ ಹಿಂತೆಗೆದು ತಂಗಿಯ ಮದುವೆಗೋ ಮನೆಯ ಹೆಂಚಿಗೋ ಹಾಕುವ ರೂಢಿಯೂ ನಮ್ಮಲ್ಲಿದೆ. 1995ರ ಪಿಂಚಣಿ ಯೋಜನೆಯಲ್ಲಿ ತಿಂಗಳ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಹಿಂತೆಗೆಯದೆ ಹೊಸ ಕೆಲಸಕ್ಕೆ ವರ್ಗ ಮಾಡಿಸಿಕೊಂಡರೆ ವರ್ಷಗಳು ಕೂಡುತ್ತ ಹೋಗುತ್ತವೆ. ಕೆಲಸ ಬೇರೆ ಜಾತಿಯದಾದರೂ ವರ್ಷಗಳ ಎಣಿಕೆಗೆ ಅಡ್ಡಿಯಿಲ್ಲ.

ಆರಿಸುವ ಸ್ವಾತಂತ್ರ್ಯವೇ ಇಲ್ಲದ ಕಾಲವೂ ಬರುತ್ತದೆ. 1982ರ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಬಹಳ ಮಂದಿ ಮರಳಿ ಒಳಗೆ ಹೋಗಲೇ ಇಲ್ಲ. ಮಗ್ಗದ ಮುಂದೆ ಇಪ್ಪತ್ತು ವರ್ಷ ನಿಂತವನಿಗೆ ಕಾವಲುಗಾರನ ಕೆಲಸವೋ ತರಕಾರಿಯ ಗಾಡಿಯೋ ಕರೆದಾಗ "ಇದು ನಾನು ಕಲಿತುದಲ್ಲ" ಎನ್ನುವ ಅವಕಾಶವೆಲ್ಲಿತ್ತು? ನಮ್ಮ ಹೋಟೆಲಿನವರಿಗೆ ಅಂಥ ಕಾಲ ಬಂದುದು 2020ರ ಮಾರ್ಚಿನಲ್ಲಿ. ಮಹಾರಾಷ್ಟ್ರದಲ್ಲಿ ಕುಳಿತು ತಿನ್ನುವ ಹೋಟೆಲುಗಳು ಮತ್ತೆ ಬಾಗಿಲು ತೆರೆದುದು ಅಕ್ಟೋಬರ್ 5ರಂದು, ಅದೂ ಅರ್ಧ ಮೇಜುಗಳಿಗೆ. ಆ ಆರು ತಿಂಗಳಲ್ಲಿ ಕಾವಲಿಯವನು ಮೋಟಾರು ಸೈಕಲಿನಲ್ಲಿ ಸಾಮಾನು ಹಂಚಿದ. ಸಪ್ಲೈಯರನು ಊರಿಗೆ ಹೋಗಿ ಅಡಕೆ ಸುಲಿದ. ಹಸಿವಿಗೆ ಉತ್ತರ ಹೇಳಬೇಕಾದಾಗ ಯಾವ ಕೆಲಸವನ್ನೂ ಒಪ್ಪಿಕೊಳ್ಳಬಹುದು, ಅದರಲ್ಲಿ ಮಾನದ ಪ್ರಶ್ನೆಯೇ ಇಲ್ಲ. ಹಸಿವಿಲ್ಲದಾಗಲೂ ಹಸಿದವನಂತೆ ಅವಸರದಿಂದ ಒಪ್ಪಿಕೊಳ್ಳುವುದರ ಕುರಿತೇ ನಮ್ಮ ಆಕ್ಷೇಪ.

ಸಭೆ ಸಮಾರಂಭಗಳಲ್ಲಿ ತರುಣರನ್ನು ಹುರಿದುಂಬಿಸುವವರು ದೊಡ್ಡವರ ಉದಾಹರಣೆ ಕೊಡುತ್ತಾರೆ. ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಯವರು 1906ರಲ್ಲಿ ಕೆನರಾ ಬ್ಯಾಂಕನ್ನು ಕಟ್ಟಿದರು, ವೈದ್ಯರಾದ ಟಿ. ಎಂ. ಎ. ಪೈಯವರು 1925ರಲ್ಲಿ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಮುಂದೆ ಸಿಂಡಿಕೇಟ್ ಬ್ಯಾಂಕಾದ ಸಂಸ್ಥೆಯನ್ನು ಜತೆಗಾರರೊಂದಿಗೆ ಆರಂಭಿಸಿದರು. ನಿಜ. ಆದರೆ ಅವರು ಇನ್ನೊಬ್ಬರ ಕರೆಗೆ ಓಗೊಟ್ಟು ಹೋದವರಲ್ಲ, ಕಾಲಡಿಯ ನೆಲವನ್ನು ಬಿಟ್ಟು ಹಾರಿದವರೂ ಅಲ್ಲ. ನಮ್ಮಂಥವರಿಗೆ ಅದೇ ಕಥೆಯಲ್ಲಿ ಬೇರೊಂದು ಪಾತ್ರ ಹೆಚ್ಚು ಹತ್ತಿರವಾದುದು. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿಯನ್ನು ತಂದಾಗ, ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಎತ್ತಿ ತರುವವನು ಬೇಕಾದನು. ಆ ಕೆಲಸವನ್ನು ಕಲಿಸುವ ಶಾಲೆ ಎಲ್ಲಿಯೂ ಇರಲಿಲ್ಲ, ಏಕೆಂದರೆ ಆ ಕೆಲಸವೇ ಹೊಸದು. ಬೀದಿಯವರ ನಂಬಿಕೆಯೇ ಅವನ ವಿದ್ಯೆ. ಯಾರಿಗೂ ತರಬೇತಿಯಿಲ್ಲದ ಕೆಲಸಕ್ಕೆ ಕರೆದಾಗ ಹಿಂಜರಿಯಲು ಕಾರಣವಿಲ್ಲ; ಅಲ್ಲಿ ಎಲ್ಲರೂ ಒಂದೇ ಗೆರೆಯ ಮೇಲೆ ನಿಂತಿರುತ್ತಾರೆ. ಇತರರು ಹತ್ತು ವರ್ಷ ಕಲಿತು ಬಂದ ಕೆಲಸಕ್ಕೆ ಕರೆದಾಗಲೇ ಎರಡು ಬಾರಿ ಯೋಚಿಸಬೇಕು.

ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಗಲು ಬಸಿ ತೊಳೆದು ರಾತ್ರಿ ವ್ಯಾಕರಣ ಓದಿದ ಮಾಣಿಗಳು ಗುಮಾಸ್ತರಾದರು, ವಕೀಲರಾದರು. ಅವರು ಹಗಲಿನ ಕೆಲಸವನ್ನು ಬಿಡದೆ ರಾತ್ರಿ ಕಲಿತರು.

ಇನ್ನು ಕಡಲಾಚೆಯ ಕರೆ. ಇಲ್ಲಿ ನಮ್ಮ ದನಿ ತುಸು ಏರಿದರೆ ಓದುಗರು ಮನ್ನಿಸಬೇಕು. ಕಂಪ್ಯೂಟರಿನಲ್ಲಿ ಬರೆಯುವ ಕೆಲಸವೆಂದು ಥಾಯ್ಲೆಂಡಿಗೆ ಕರೆದು, ಅಲ್ಲಿಂದ ಗಡಿ ದಾಟಿಸಿ ಮ್ಯಾನ್ಮಾರಿನ ಬೇಲಿಗಳೊಳಗೆ ಕೂಡಿಹಾಕಿ, ಅಪರಿಚಿತರನ್ನು ದೂರವಾಣಿಯಲ್ಲಿ ವಂಚಿಸುವ ಕೆಲಸಕ್ಕೆ ಹಚ್ಚುವ ಜಾಲಗಳ ಕುರಿತು ಭಾರತ ಸರಕಾರ 2022ರಿಂದ ಎಚ್ಚರಿಸುತ್ತ ಬಂದಿದೆ. 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಐನೂರಕ್ಕೂ ಮಿಕ್ಕಿ ಭಾರತೀಯರನ್ನು ಅಲ್ಲಿಂದ ಕರೆತರಬೇಕಾಯಿತು. ಇಂಥ ಕರೆಗಳ ಗುರುತು ಇಷ್ಟೇ: ಕೆಲಸಕ್ಕೆ ಬೇಕಾದ ವಿದ್ಯೆಯನ್ನು ಅವರು ಕೇಳುವುದಿಲ್ಲ, ಸಂಬಳ ಮಾತ್ರ ಹೆಚ್ಚಿರುತ್ತದೆ, ಪ್ರವಾಸಿಯ ವೀಸಾದಲ್ಲಿ ಬಾ ಎನ್ನುತ್ತಾರೆ. ಕೊಲ್ಲಿಯ ದೇಶಗಳಿಗೆ ಕಳುಹಿಸುವ ದಲ್ಲಾಳಿ 1983ರ ವಲಸೆ ಕಾಯಿದೆಯಂತೆ ನೋಂದಾಯಿತನಾಗಿರಬೇಕು. ನೋಂದಣಿಯ ಸಂಖ್ಯೆಯನ್ನು ಕೇಳಿ ಸರಕಾರದ ಪಟ್ಟಿಯಲ್ಲಿ ತಾಳೆ ನೋಡಬಹುದು. ಬಾಯಿಯಲ್ಲಿ ಉಗ್ರಾಣದ ಮೇಲ್ವಿಚಾರಕನೆಂದು ಹೇಳಿ ಒಪ್ಪಂದದಲ್ಲಿ ಕ್ಲೀನರ್ ಎಂದು ಬರೆದಿದ್ದರೆ, ಅಲ್ಲಿ ಇಳಿದ ಮೇಲೆ ನಡೆಯುವುದು ಬರೆದುದೇ. ಹತ್ತನೆಯ ತರಗತಿ ಪಾಸಾಗದವರು ಗೊತ್ತಾದ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಅಧಿಕಾರಿಯ ಅನುಮತಿ ಪಡೆಯಬೇಕೆಂಬ ನಿಯಮವನ್ನು ಕಿರುಕುಳವೆಂದು ಬಗೆಯುವವರಿದ್ದಾರೆ. ಒಪ್ಪಂದವನ್ನು ಓದಬಲ್ಲ ಇನ್ನೊಂದು ಜತೆ ಕಣ್ಣು ದೊರೆತಂತೆ ಅದು.

ಸಹಿಯ ಮಾತು ಬಂದುದರಿಂದ ಕರಾರಿನ ಒಂದು ವಿಚಾರ. ತರಬೇತಿ ಕೊಡುತ್ತೇವೆ, ಇಷ್ಟು ವರ್ಷ ಬಿಡಬಾರದು, ಬಿಟ್ಟರೆ ಇಷ್ಟು ಹಣ ಕೊಡಬೇಕೆಂದು ಬರೆಸಿಕೊಳ್ಳುವುದು ಈಗ ಸಾಮಾನ್ಯವಾಗಿದೆ. ಇದೆಲ್ಲ ಕೋರ್ಟಿನಲ್ಲಿ ನಿಲ್ಲದೆಂದು ಧೈರ್ಯ ಹೇಳುವ ಗೆಳೆಯರು ಪ್ರತಿಯೊಂದು ಖೋಲಿಯಲ್ಲಿಯೂ ಇದ್ದಾರೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ನೇಮಕದ ಕರಾರಿನಲ್ಲಿ, ಮೂರು ವರ್ಷ ತುಂಬುವ ಮುನ್ನ ಬಿಟ್ಟರೆ ಎರಡು ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತಿತ್ತು. ಆ ಷರತ್ತು ಸಿಂಧುವೆಂದು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ಕೆಲಸ ಬಿಟ್ಟ ಮೇಲೆ ಅದೇ ಬಗೆಯ ಕೆಲಸವನ್ನು ಬೇರೆಲ್ಲಿಯೂ ಮಾಡಬಾರದೆಂಬ ಷರತ್ತು ಬೇರೆ. 1872ರ ಕರಾರು ಕಾಯಿದೆಯ 27ನೆಯ ಕಲಮು ಅದನ್ನು ಸಾಮಾನ್ಯವಾಗಿ ಮನ್ನಿಸುವುದಿಲ್ಲ. ಇವೆರಡರ ಭೇದ ತಿಳಿಯದೆ ಸಹಿಹಾಕುವುದು ಕಲಿಯದ ಕೆಲಸಕ್ಕೆ ಹೋಗುವವನಿಗೆ ಹೆಚ್ಚು ಅಪಾಯ, ಏಕೆಂದರೆ ಮೂರು ತಿಂಗಳಲ್ಲಿ ಒಗ್ಗದೆ ಬಿಡುವ ಸಂಭವ ಅವನಿಗೇ ಹೆಚ್ಚು.

ಕೊನೆಯದಾಗಿ, ಉತ್ತರ ಹೇಳುವ ಬಗೆ. ಕರೆದ ದಿನವೇ ಹೂಂ ಎನ್ನುವುದೂ ಬೇಡ, ಊಹೂಂ ಎನ್ನುವುದೂ ಬೇಡ. ನಾಲ್ಕು ದಿನ ಕೇಳಿದರೆ ಕೊಡದಷ್ಟು ಅವಸರವುಳ್ಳವನ ಅವಸರಕ್ಕೆ ಕಾರಣವಿರುತ್ತದೆ. ಆ ನಾಲ್ಕು ದಿನದಲ್ಲಿ ಒಮ್ಮೆ ಆ ಜಾಗಕ್ಕೆ ಹೋಗಿ, ಕೆಲಸ ನಡೆಯುವ ಹೊತ್ತಿನಲ್ಲಿ, ಮೂಲೆಯಲ್ಲಿ ನಿಂತು ನೋಡಿ ಬರಬೇಕು. ಈಗಿನ ಧನಿಗೆ ಇನ್ನೊಬ್ಬರಿಂದ ಸುದ್ದಿ ಮುಟ್ಟುವ ಮೊದಲು ತಾನೇ ಹೇಳುವುದು ಮರ್ಯಾದೆ. ಹಾಗೆ ಹೇಳಿದಾಗ, "ಹೋಗುವುದಾದರೆ ನವರಾತ್ರಿ ಕಳೆಯಲಿ, ಆಮೇಲೆ ನಾನೇ ಕಳುಹಿಸಿಕೊಡುತ್ತೇನೆ" ಎಂದ ಧನಿಗಳನ್ನೂ ನಾವು ಕಂಡಿದ್ದೇವೆ. ಕೂಡಲೇ ಇನ್ನೂರು ರೂಪಾಯಿ ಏರಿಸಿ ಕಟ್ಟಿಹಾಕಿದವರನ್ನೂ ಕಂಡಿದ್ದೇವೆ.

ಬೇಡವೆನ್ನುವುದಾದರೆ ಬಾಯಿಮಾತಿಗಿಂತ ನಾಲ್ಕು ಸಾಲಿನ ಕಾಗದ ಮೇಲು. "ತಾವು ನನ್ನಲ್ಲಿ ವಿಶ್ವಾಸವಿಟ್ಟು ಕರೆದುದಕ್ಕೆ ಋಣಿಯಾಗಿದ್ದೇನೆ. ಲೆಕ್ಕದ ಕೆಲಸದಲ್ಲಿ ಇನ್ನೂ ಎರಡು ವರ್ಷ ಪಳಗಬೇಕೆಂದು ನನ್ನ ಇಚ್ಛೆ. ತಮ್ಮಲ್ಲಿ ಲೆಕ್ಕದ ಜಾಗ ತೆರವಾದಾಗ ನನ್ನನ್ನು ನೆನೆಯಬೇಕಾಗಿ ವಿನಂತಿ" ಎಂದಿಷ್ಟು ಬರೆದರೆ ಸಾಕು. ಒಪ್ಪುವುದಾದರೆ, ಸಂಬಳದ ಖಚಿತ ಭಾಗ, ಕೆಲಸದ ಹೆಸರು, ಕಲಿಯಲು ಕೊಡುವ ಅವಧಿ, ಈ ಮೂರನ್ನು ಉತ್ತರದಲ್ಲಿ ತಾನೇ ಬರೆದು "ಹೀಗೆಂದು ತಿಳಿದು ಒಪ್ಪಿದ್ದೇನೆ" ಎಂದು ಕಳುಹಿಸಿ, ಅದರ ಒಂದು ಪ್ರತಿಯನ್ನು ಟ್ರಂಕಿನ ತಳದಲ್ಲಿ ಇಟ್ಟುಕೊಳ್ಳತಕ್ಕದ್ದು. ಹಳೆಯ ಸಂಸ್ಥೆಯಿಂದ ಸೇವಾ ಪತ್ರ ಕೈಸೇರುವವರೆಗೆ ಹೊಸ ಅಂಗಿ ಹೊಲಿಸುವ ಅವಸರ ಬೇಡ.